ಅಳಿವೆಗೆ ಬನ್ನಿ, ಬಾಟಲಿ ಬಿಟ್ಟು ಹೋಗಬೇಡಿ

ಸಂಪಾದಕರೇ,

ರಜೆ ಬಂದರೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕುಡ್ಲೆ, ಓಂ, ಪ್ಯಾರಡೈಸ್ ಬೀಚ್ ನೋಡಿದವರು ಹಾಗೇ ತದಡಿಗೆ ಬಂದು, ದೋಣಿ ದಾಟಿ ಅಘನಾಶಿನಿ ಊರಿನ ಕಡೆಗೂ ಹೋಗುತ್ತಾರೆ. ಹೋಗಲಿ, ನೋಡಬೇಕಾದ ಜಾಗವೇ ಅದು. ಅಘನಾಶಿನಿ ಎಂದರೆ ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಘಟ್ಟದಿಂದ ಕಡಲಿಗೆ ಬರುವ ಹೊಳೆ. ಅದು ಕಡಲು ಸೇರುವ ಅಳಿವೆಯ ಸುಮಾರು 4,800 ಹೆಕ್ಟೇರ್ ಜಾಗ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು 2024ರಲ್ಲಿ ಪ್ರಕಟವಾಯಿತು.

ಆದರೆ ಇದು ಸುಮ್ನೆ ನೋಡುವ ನೀರಲ್ಲ, ಜನ ದುಡಿಯುವ ನೀರು. ಇಳಿತದ ಹೊತ್ತಿಗೆ ದಡದಲ್ಲಿ ಸ್ವಲ್ಪ ನಿಂತು ನೋಡಿ. ಹೆಂಗಸರು ಬರಿಗಾಲಲ್ಲಿ ನೀರಿಗಿಳಿದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ. ನೀರು ಕದಡಿರುತ್ತದೆ, ತಳ ಕಾಣುವುದಿಲ್ಲ. ಕೈಯಲ್ಲೇ ಕೆಸರು ತಡಕಬೇಕು. ಗಜನಿಯಲ್ಲಿ, ಅಂದರೆ ಅಳಿವೆ ದಡದ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ ಕೊಯ್ಯುವವರೂ ನೀರಲ್ಲೇ ನಿಂತು ಕೊಯ್ಯುತ್ತಾರೆ. (ಉಪ್ಪುನೀರು ತಾಳಿಕೊಂಡು ಬೆಳೆಯುವ ಆ ಭತ್ತದ ಅನ್ನ ಸಿಕ್ಕರೆ ಖಂಡಿತ ಉಣ್ಣಿ.)

ಅದೇ ದಡದಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಬಿಯರ್ ಬಾಟಲಿಗಳು ಬಿದ್ದಿರುತ್ತವೆ. ಕೆಲವು ಒಡೆದಿರುತ್ತವೆ. ಬೀಚಿನ ಮರಳಲ್ಲಿ ಬಿದ್ದ ಬಾಟಲಿಯನ್ನು ಸ್ವಚ್ಛತೆಗೆ ಬಂದವರು ಯಾರಾದರೂ ಎತ್ತಿಯಾರು. ಕೆಸರಲ್ಲಿ ಹೂತ ಗಾಜು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸಿಗುವುದು ಬಳಚು ಹೆಕ್ಕುವವರ ಕಾಲಿಗೆ, ಬೆರಳಿಗೆ. ಕಾಲು ಕೊಯ್ದುಕೊಂಡವರಿಗೆ ಗಾಯ ಮಾಯುವವರೆಗೆ ಉಪ್ಪುನೀರಿಗೆ ಇಳಿಯಲು ಆಗುತ್ತದೆಯೇ? ಅಷ್ಟು ದಿನದ ಸಂಪಾದನೆ ಹೋಯಿತು, ಅಲ್ವಾ?

‘ಕಸ ಹಾಕಬೇಡಿ’ ಎಂಬ ಬೋರ್ಡಿನಿಂದ ಇದು ನಿಲ್ಲುವುದಿಲ್ಲ. ತಮಿಳುನಾಡಿನ ನೀಲಗಿರಿಯಲ್ಲಿ ಒಡೆದ ಬಾಟಲಿಗಳು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಹೈಕೋರ್ಟ್ ಹೇಳಿದ ಮೇಲೆ 2022ರಲ್ಲಿ ಅಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ ಕೊಡುವ ವ್ಯವಸ್ಥೆ ಬಂತು. ಗೋಕರ್ಣ ಮತ್ತು ಕುಮಟಾ ಸುತ್ತಮುತ್ತಲ ಅಂಗಡಿಗಳಲ್ಲಿ ಇದನ್ನೇ ಯಾಕೆ ಮಾಡಬಾರದು? ದುಡ್ಡು ಸಿಗುತ್ತದೆ ಎಂದರೆ ಕುಡಿದವರು ಬಿಟ್ಟುಹೋದದ್ದನ್ನೂ ಯಾರಾದರೂ ಹೆಕ್ಕಿ ತಂದುಕೊಡುತ್ತಾರೆ. ಜೊತೆಗೆ ತದಡಿಯ ದೋಣಿ ಹತ್ತುವಲ್ಲಿ ಒಬ್ಬರು ನಿಂತು ಚೀಲ ನೋಡಿ, ಗಾಜಿನ ಬಾಟಲಿ ಇದ್ದರೆ ಅಲ್ಲೇ ಇಡಿಸಿಕೊಳ್ಳಲಿ. ಈ ಕೆಲಸವನ್ನು ಊರಿನವರಿಗೇ ಸಂಬಳ ಕೊಟ್ಟು ಒಪ್ಪಿಸಬಹುದು. ಮುಂದಿನ ರಜೆಯ ಗದ್ದಲ ಶುರುವಾಗುವ ಮೊದಲೇ ಜಿಲ್ಲಾಡಳಿತ ಇಷ್ಟನ್ನು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಓರ್ವ ಓದುಗ, ಕುಮಟಾ