ಪ್ರಹಸನ ಬೇರೆ, ವಿಡಂಬನೆ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಮುಂಬಯಿ ಪುಟದಲ್ಲಿ ‘ಪ್ರಹಸನ’ ಎಂಬ ಮಾತು ಒಂದೇ ದಿನ ಎರಡು ಕಡೆ ಬಂದಿತ್ತು. ಉಪನಗರದ ಸೊಸೈಟಿಯೊಂದರ ರೀಡೆವಲಪ್‌ಮೆಂಟ್ ಕುರಿತ ವಿಚಾರಣೆ ಬರೀ ಪ್ರಹಸನವಾಯಿತೆಂದು ಸದಸ್ಯರು ದೂರಿದ್ದು ಒಂದು ವರದಿ. ಮಾಟುಂಗಾದಲ್ಲಿ ನಮ್ಮ ಹವ್ಯಾಸಿ ತಂಡವೊಂದು ಆಡಿದ ನಾಟಕವನ್ನು ‘ತೀಕ್ಷ್ಣ ವಿಡಂಬನೆಯ ಪ್ರಹಸನ’ ಎಂದು ಹೊಗಳಿದ್ದು ಇನ್ನೊಂದು. ಆ ನಾಟಕವನ್ನು ನಾನೂ ನೋಡಿದ್ದೇನೆ. ಎರಡೂ ಕಡೆ ಮಾತು ಹದ ತಪ್ಪಿದೆ ಎಂದು ನನಗೆ ತೋರಿದ್ದರಿಂದ ಈ ಪತ್ರ.

ಮೊದಲು ವಿಚಾರಣೆಯ ಮಾತು. ಮರಾಠಿ ಪತ್ರಿಕೆಗಳಲ್ಲಿ ‘ಚೌಕಶೀಚಾ ಫಾರ್ಸ್’ ಎಂಬ ಪ್ರಯೋಗ ಸಾಮಾನ್ಯ. ಬೆಳಿಗ್ಗೆ ಅದನ್ನು ಓದಿ ಸಂಜೆ ಕನ್ನಡದಲ್ಲಿ ಬರೆಯುವ ನಮ್ಮ ವರದಿಗಾರರ ಕೈಗೆ ‘ವಿಚಾರಣೆಯ ಪ್ರಹಸನ’ ಸಲೀಸಾಗಿ ಬಂದುಬಿಡುತ್ತದೆ. ಆದರೆ ರಂಗದ ಮೇಲಿನ ಪ್ರಹಸನದಲ್ಲಿ ಪ್ರೇಕ್ಷಕನಿಗೆ ಎಲ್ಲವೂ ಗೊತ್ತಿರುತ್ತದೆ, ಪಾತ್ರಗಳಿಗೆ ಏನೂ ಗೊತ್ತಿರುವುದಿಲ್ಲ. ಯಾರು ಯಾವ ಬಾಗಿಲಿನಿಂದ ಬಂದು ಗುಟ್ಟು ರಟ್ಟು ಮಾಡುತ್ತಾರೋ ಎಂದು ಅವು ಪಡುವ ಪರದಾಟವೇ ನಗುವಿನ ಮೂಲ. ತೀರ್ಮಾನವನ್ನು ಮೊದಲೇ ಬರೆದಿಟ್ಟುಕೊಂಡು ನಡೆಸುವ ವಿಚಾರಣೆಯಲ್ಲಿ ಇದು ತಿರುಗುಮುರುಗು: ಮೇಜಿನ ಹಿಂದೆ ಕುಳಿತವರಿಗೆ ಕೊನೆ ಗೊತ್ತು, ಎದುರಿಗೆ ಕಾಗದಪತ್ರ ಹಿಡಿದು ನಿಂತವರಿಗೆ ಗೊತ್ತಿಲ್ಲ. ಇಂಥದಕ್ಕೆ ನಮ್ಮಲ್ಲಿ ಮಾತಿನ ಬರವೇನಿಲ್ಲ. ಮನಸ್ಸಿಲ್ಲದೆ, ಮಾಡಬೇಕಲ್ಲ ಎಂದು ಮಾಡಿ ಮುಗಿಸಿದ್ದು ಕಾಟಾಚಾರ. ಜನ ಸುಮ್ಮನಾಗಲಿ ಎಂದು ಬೇಕೆಂದೇ ಹೂಡಿದ್ದು ಕಣ್ಣೊರೆಸುವ ತಂತ್ರ. ಮೊದಲನೆಯದು ಉದಾಸೀನದ ಆರೋಪ, ಎರಡನೆಯದು ಮೋಸದ ಆರೋಪ. ಆ ಸದಸ್ಯರು ಹೊರಿಸಿದ್ದು ಯಾವುದನ್ನು ಎಂದು ವರದಿಯಿಂದ ತಿಳಿಯುವುದೇ ಇಲ್ಲ, ಏಕೆಂದರೆ ‘ಪ್ರಹಸನ’ ಎಂಬ ಮಾತು ಎರಡನ್ನೂ ಮುಚ್ಚಿಹಾಕಿತು.

ಇನ್ನು ನಾಟಕ. ಮದುವೆಯಾದವರಿಗೆ ಮಾತ್ರ ಮನೆ ಕೊಡುವ ಮಾಲೀಕನಿಗೆ ಸುಳ್ಳು ಹೇಳಿ ಡೊಂಬಿವಲಿಯಲ್ಲಿ ಬಾಡಿಗೆಗೆ ಸೇರಿದ ಇಬ್ಬರು ಹುಡುಗರು, ಅವರಲ್ಲೊಬ್ಬನಿಗೆ ಸೀರೆ. ಮಾಲೀಕ ಸೋಫಾದ ಮೇಲೆ ಕುಳಿತು ಚಹಾ ಕುಡಿಯುತ್ತಿರುವಾಗ ಗ್ಯಾಸ್ ಸಿಲಿಂಡರ್ ಬರುತ್ತದೆ. ‘ಹೆಂಡತಿ’ ಅಭ್ಯಾಸಬಲದಿಂದ ಅದನ್ನು ಹೆಗಲಿಗೇರಿಸಿಕೊಂಡು ಅಡುಗೆಮನೆಯತ್ತ ಎರಡು ಹೆಜ್ಜೆ ಇಟ್ಟ ಮೇಲೆ ತನ್ನ ವೇಷ ನೆನಪಾಗಿ, ಸಿಲಿಂಡರನ್ನು ಮೆಲ್ಲಗೆ ಕೆಳಗಿಳಿಸಿ, ಸೆರಗು ಸರಿಪಡಿಸಿಕೊಂಡು, ಸೊಂಟ ಹಿಡಿದು ನರಳುತ್ತಾಳೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು, ಆ ನಟ ಮಾತ್ರ ಒಮ್ಮೆಯೂ ನಗಲಿಲ್ಲ. ಪ್ರಹಸನದ ನಟನೆ ಎಂದರೆ ಅದು: ಪಾತ್ರಕ್ಕೆ ತನ್ನ ಸಂಕಟ ನಿಜವಾಗಿರಬೇಕು, ನಟ ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿದರೆ ಆಟ ಕೆಟ್ಟಿತು. ಬ್ರ್ಯಾಂಡನ್ ಥಾಮಸ್ 1892ರಲ್ಲಿ ರಂಗಕ್ಕೆ ತಂದ ಇಂಗ್ಲಿಷ್ ನಾಟಕವನ್ನು ಆಚಾರ್ಯ ಅತ್ರೆಯವರು ‘ಮೋರೂಚಿ ಮಾವಶಿ’ಯಾಗಿ ಮರಾಠಿಗೆ ಒಗ್ಗಿಸಿಕೊಂಡದ್ದನ್ನು ಈ ಊರಿನ ಕನ್ನಡಿಗರೂ ಬಲ್ಲರು. ಅಲ್ಲಿಯೂ ಸೀರೆಯುಟ್ಟ ಗಂಡಸಿನ ಫಜೀತಿಯೇ ಬಂಡವಾಳ. ನಮ್ಮ ತಂಡದ ನಾಟಕ ಬಾಡಿಗೆ ಕರಾರಿನ ಅನ್ಯಾಯವನ್ನಾಗಲಿ ಮಾಲೀಕರ ಮಡಿವಂತಿಕೆಯನ್ನಾಗಲಿ ಕೆಣಕಲು ಹೋಗಲಿಲ್ಲ. ಮನೆ ಎಲ್ಲಿ ಕೈತಪ್ಪುತ್ತದೋ ಎಂಬ ಭಯವೊಂದನ್ನೇ ಹಿಗ್ಗಿಸುತ್ತ ಹೋಯಿತು. ಅದರಲ್ಲಿ ‘ತೀಕ್ಷ್ಣ ವಿಡಂಬನೆ’ ಎಲ್ಲಿತ್ತೋ ನನಗೆ ಕಾಣಲಿಲ್ಲ. ನಗಿಸಿದ್ದಷ್ಟೇ ಸಾಲದು, ಘನವಾದ ಉದ್ದೇಶವೂ ಇರಬೇಕು ಎಂಬ ಸಂಕೋಚದಿಂದ ವಿಮರ್ಶಕರು ಆ ವಿಶೇಷಣ ಅಂಟಿಸಿರಬಹುದೆಂದು ನನ್ನ ಗುಮಾನಿ.

ವಿಡಂಬನೆಗೆ ರಂಗದ ಹೊರಗೊಂದು ಗುರಿ ಬೇಕು. ನಕ್ಕವನು ಯಾರನ್ನು, ಏಕೆ ನಗುತ್ತಿದ್ದೇನೆಂದು ತಿಳಿದು ನಗಬೇಕು. ಎರಡೂ ಒಂದೇ ಕೃತಿಯಲ್ಲಿ ಇರಬಾರದೆಂದೇನಿಲ್ಲ. ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮನು ಏಳನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮತ್ತವಿಲಾಸ ಪ್ರಹಸನ’ದಲ್ಲಿ ಕುಡಿದು ತೂರಾಡುವ ಕಾಪಾಲಿಕನೊಬ್ಬ (ತಲೆಬುರುಡೆಯಲ್ಲಿ ಭಿಕ್ಷೆ ಬೇಡುವ ಶೈವ ಸಂನ್ಯಾಸಿ) ಕಂಚಿಯ ಬೀದಿಯಲ್ಲಿ ತನ್ನ ಕಪಾಲಪಾತ್ರೆಯನ್ನು ಕಳೆದುಕೊಂಡು, ಅದನ್ನು ಬೌದ್ಧ ಭಿಕ್ಷುವೇ ಕದ್ದನೆಂದು ಅವನ ಮೇಲೆ ಬೀಳುತ್ತಾನೆ. ಪಾತ್ರೆಯನ್ನು ಕಚ್ಚಿಕೊಂಡು ಹೋದದ್ದು ನಾಯಿ, ಕೊನೆಗೆ ಅದು ಸಿಗುವುದು ಒಬ್ಬ ಹುಚ್ಚನ ಕೈಯಲ್ಲಿ. ಈ ಎಳೆದಾಟ ಪ್ರಹಸನ. ಅದೇ ಭಿಕ್ಷು ನಡುವೆ ಮದ್ಯಕ್ಕೂ ಸ್ತ್ರೀಸಂಗಕ್ಕೂ ಬುದ್ಧನು ಅನುಮತಿ ಕೊಟ್ಟಿರಲೇಬೇಕು, ಅಸೂಯೆಯ ಮುದಿ ಸ್ಥವಿರರು, ಅಂದರೆ ಹಿರಿಯ ಭಿಕ್ಷುಗಳು, ಆ ಮೂಲಪಾಠವನ್ನು ಮುಚ್ಚಿಟ್ಟಿದ್ದಾರೆ ಎಂದು ತರ್ಕ ಹೂಡುತ್ತಾನಲ್ಲ, ಅದು ವಿಡಂಬನೆ.

ಅಣಕದ ವಿಷಯದಲ್ಲಿ ಗೊಂದಲ ಕಡಿಮೆ. ಎಲ್ಲರಿಗೂ ಗೊತ್ತಿರುವ ಪದ್ಯವನ್ನೋ ಭಾಷಣದ ಧಾಟಿಯನ್ನೋ ಹಿಡಿದು ತಿರುಚುವುದು ಅಣಕ. ಮೂಲ ಗೊತ್ತಿಲ್ಲದವನಿಗೆ ಅದು ರುಚಿಸದು. ‘ತಮಾಷೆ’ಯ ವಿಷಯದಲ್ಲಿ ಮಾತ್ರ ಈ ಊರಿನಲ್ಲಿ ಎಚ್ಚರ ಬೇಕು. ನಮಗದು ಬರೀ ಹುಡುಗಾಟ, ಮರಾಠಿಯವರಿಗೆ ಲಾವಣಿಯ ಹಾಡು-ಕುಣಿತ, ವಗ ಎಂಬ ಕಥಾನಾಟಕಗಳನ್ನುಳ್ಳ ಒಂದು ಪೂರ್ಣ ರಂಗಪ್ರಕಾರ.

ಹಾಗೆಂದು ವಿಮರ್ಶಕರ ಕಡೆಗೆ ಆಧಾರವೇ ಇಲ್ಲವೆನ್ನಲಾರೆ. ನಾಟ್ಯಶಾಸ್ತ್ರವೇ ಪ್ರಹಸನದಲ್ಲಿ ಶುದ್ಧ (ತಾಪಸರು, ವಿಪ್ರರಂಥವರ ನಗೆಮಾತಿನದು), ಸಂಕೀರ್ಣ (ವೇಶ್ಯೆ, ವಿಟ, ಧೂರ್ತರಂಥವರದು) ಎಂದು ಎರಡು ಬಗೆ ಹೇಳಿದೆ; ಅಂದರೆ ಪ್ರಹಸನ ಒಂದೇ ಅಚ್ಚಿನದಲ್ಲ. ಮುಂಬಯಿಯೊಡನೆ ನಂಟಿದ್ದ ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಬರೆದಾಗ ಅವರಿಗೆ ನಗಿಸುವುದಷ್ಟೇ ಬೇಕಿರಲಿಲ್ಲ. ಹಣಕ್ಕೆ ಹೆಣ್ಣು ಕೊಡುವ ಕನ್ಯಾವಿಕ್ರಯದ ಮೇಲೆ ಅವರ ಕಣ್ಣಿತ್ತು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ವಿದ್ವಾಂಸರು ಗುರುತಿಸುವ ಈ ಕೃತಿಗೆ ‘ವಿಡಂಬನೆಯ ಪ್ರಹಸನ’ ಎಂಬ ಬಿರುದು ನಿಜಕ್ಕೂ ಒಪ್ಪುತ್ತದೆ. ಇಲ್ಲಿನ ತಂಡಗಳು ಅದನ್ನು ರಂಗಕ್ಕೆ ತರುವ ಮನಸ್ಸು ಮಾಡಲಿ, ತಮ್ಮ ವಿಮರ್ಶಕರು ಆ ಎರಡು ಮಾತನ್ನೂ ಅಲ್ಲಿಯವರೆಗೆ ಜೋಪಾನವಾಗಿಟ್ಟುಕೊಳ್ಳಲಿ ಎಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಮಾಟುಂಗಾ, ಮುಂಬಯಿ