ಮಾಳಿಗಿ ಮ್ಯಾಲಿಂದ ವಿಮಾನಕ್ಕ ಲೇಸರ್ ಹಚ್ಚೂದರ ಬಗ್ಗೆ ಎಲ್ಲಾ ಪಾಲಕರಿಗೆ

ಎಲ್ಲಾ ಪಾಲಕರಿಗೆ ನಮಸ್ಕಾರ್ರಿ,

ಮೊನ್ನೆ ಗುರುವಾರ ಏಳನೇ ಕ್ಲಾಸಿನ ಒಬ್ಬ ಹುಡುಗನ ಪಾಟಿಚೀಲದಾಗ ಹಸಿರು ಲೇಸರ್ ಬ್ಯಾಟ್ರಿ ಸಿಕ್ತು. ಪೆನ್ನಿಗಿಂತ ಸ್ವಲ್ಪ ದಪ್ಪ, ಮ್ಯಾಲ ಒಂದು ಹಳದಿ ಚೀಟಿ, ಅದರಾಗ ಪವರ್ 5 ಮಿಲಿವ್ಯಾಟ್ ಅಂತ ಬರದಿತ್ತು. ಜಾತ್ರಿಯಾಗ ತಗೊಂಡಿದ್ದಂತ. ನಾನು ಬೈಲಿಲ್ಲ, ಬಾಜೂಕ ಕುಂದ್ರಿಸಿಕೊಂಡು ಇದರಿಂದ ಏನ್ ಮಾಡ್ತಿಯೋ ತಮ್ಮಾ ಅಂತ ಕೇಳಿದೆ, ಅಂವ ಏನೂ ಮುಚ್ಚಿಡಲಾರದ ಹೇಳಿದ, "ಅಕ್ಕೋರ, ರಾತ್ರಿ ಇಮಾನ ಬಂದಾಗ ಅದರ ಹೊಟ್ಟಿಗೆ ಹಚ್ಚತೇವ್ರಿ, ಚುಕ್ಕಿ ಮುಟ್ಟತೇತೋ ಇಲ್ಲೋ ಅಂತ ನೋಡಾಕ." ಹಚ್ಚತೇವಿ ಅಂದ್ರ ಅಂವ ಒಬ್ಬನ ಅಲ್ಲ. ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ರಿ.

ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟಿನ ರನ್‌ವೇ ನಮಗೇನ್ ದೂರಿಲ್ಲ, ಇಳಿಯೋ ಹೊತ್ತಿಗೆ ನಮ್ಮ ಮಾಳಿಗಿ ಮ್ಯಾಲ ನಿಂತ್ರ ವಿಮಾನದ ಗಾಲಿ ಸೈತ ಕಾಣ್ತಾವು. 1942ರಾಗ ಬ್ರಿಟಿಷರ ಕಾಲಕ್ಕ ಆದ ಏರ್‌ಪೋರ್ಟ್ ಅದು, ಏರ್‌ಫೋರ್ಸ್ ಟ್ರೇನಿಂಗ್ ಸ್ಕೂಲೂ ಅಲ್ಲೇ ಐತಿ. ನಮ್ಮ ಮಕ್ಕಳಿಗೆ ವಿಮಾನ ಅಂದ್ರ ದಿನಾ ನೋಡೋ ಎಸ್ಟಿ ಬಸ್ ಇದ್ದಂಗ, ಹಂಗಾಗಿ ಒಳಗ ಮನಷ್ಯಾರು ಕುಂತಾರ ಅನ್ನೂದು ಅವರ ತಲ್ಯಾಗ ಬರೂದಿಲ್ಲ. ದೂರದಾಗ ಚುಕ್ಕಿ ಮುಟ್ಟೂದೊಂದ ಆಟ.

ಮಕ್ಕಳು ತಿಳ್ಕೊಂಡಿದ್ದು, ಕೈಯಾಗ ಸಣ್ಣ ಚುಕ್ಕಿ ಅಂದ್ರ ಅಲ್ಲಿ ಹೋಗಿ ಮುಟ್ಟಿದಾಗೂ ಸಣ್ಣ ಚುಕ್ಕಿನ ಇರ್ತೇತಿ ಅಂತ. ಇದು ಖರೇನ ಅಂತ ನಾನೇ ನೋಡಿದೆ. ಶುಕ್ರವಾರ ಕತ್ತಲಾದ ಮ್ಯಾಲ ಸಿಪಾಯಿನ್ನ ಕರ್ಕೊಂಡು ಗ್ರೌಂಡಿಗೆ ಹೋದೆ, ಆ ಕಡೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು 150 ಹೆಜ್ಜಿ ದೂರದ ಕಂಪೌಂಡ್ ಗ್ವಾಡಿಗೆ ಹಚ್ಚಿದೆ. ಅಂಗೈ ಮ್ಯಾಲ ಕಡ್ಲಿಕಾಳಿನಷ್ಟಿದ್ದ ಚುಕ್ಕಿ ಗ್ವಾಡಿ ಮ್ಯಾಲ ಸಣ್ಣ ರೊಟ್ಟಿಯಷ್ಟ ಅಗಲ ಆಗಿತ್ತು. ಹಂಗ ಹಿಗ್ಗಕೋತ ಹೋಗಿ ಒಂದು ಕಿಲೋಮೀಟರಿಗೆ ಒಂದು ಮೀಟರ್, ಅದಕ್ಕಿಂತ ಜಾಸ್ತೀನೂ ಆಗ್ತೇತಿ. ಆಮ್ಯಾಲ ಗೀರು ಬಿದ್ದ ಹಳೇ ಪ್ಲಾಸ್ಟಿಕ್ ಪಟ್ಟಿ ಒಂದು ಸ್ಟಾಫ್‌ರೂಮಿನ್ಯಾಗ ಲೈಟ್ ಆರಿಸಿ ಲೇಸರಿಗೆ ಅಡ್ಡ ಹಿಡಿದೆ. ಪಟ್ಟಿ ತುಂಬ ಹಸಿರು ಉರದಂಗ ಆತು, ಆಚೆ ಕಡೆ ಏನೂ ಕಾಣವಲ್ದು. ವಿಮಾನದ ಮುಂದಿನ ಗ್ಲಾಸಿನ್ಯಾಗೂ ಹಿಂಗ ಸಣ್ಣ ಸಣ್ಣ ಗೀರು, ಧೂಳು ಇರ್ತಾವು, ಬೆಳಕು ಅದರಾಗ ಚದುರಿ ಇಡೀ ಗ್ಲಾಸ್ ಹಸಿರು ಪರದೆ ಆಗ್ತೇತಿ.

ಕಬ್ಬಿನ ಸೀಜನ್ನಿನ್ಯಾಗ ರಾತ್ರಿ ಬೈಕ್ ಮ್ಯಾಲ ಬಾಗಲಕೋಟಿ ರೋಡ್ ಹಿಡದವರಿಗೆ ಇದು ಬ್ಯಾರೆ ಹೇಳೂದು ಬ್ಯಾಡ. ಎದುರು ಟ್ರ್ಯಾಕ್ಟರಿನಂವ ಡಿಪ್ಪರ್ ಹೊಡೀಲಾರದ ಬಂದಾಗ ಮುಂದಿಂದು ಒಂದೂ ಕಾಣೂದಿಲ್ಲ, ಅದು ದಾಟಿ ಹೋದ ಮ್ಯಾಲೂ ಸ್ವಲ್ಪ ಹೊತ್ತು ಕಣ್ಣಾಗ ಬೆಳಕಿನ ಕಲೆ ಉಳೀತೇತಿ. ನಾವು ಬೈಕ್ ಬಾಜೂಕ ಹಾಕಿ ನಿಲ್ತೇವಿ. ಪೈಲಟ್ ಎಲ್ಲಿ ನಿಲ್ಬೇಕ್ರಿ? ಇಳಿಯೋ ವಿಮಾನ ತಾಸಿಗೆ 200 ಕಿಲೋಮೀಟರಿಗಿಂತ ಜಾಸ್ತಿ ಸ್ಪೀಡಿನ್ಯಾಗ ಇರ್ತೇತಿ, ಒಂದು ಸೆಕೆಂಡಿಗೆ 55 ಮೀಟರ್ ಮ್ಯಾಲ. ಹತ್ತು ಸೆಕೆಂಡ್ ಕಣ್ಣಿಗೆ ಕತ್ತಲಿ ಬಂದ್ರ ಅರ್ಧ ಕಿಲೋಮೀಟರ್ ಕುರುಡ ಹೋದಂಗ, ಅದೂ ರನ್‌ವೇ ಲೈಟ್ ನೋಡ್ಕೋತ ಕೆಳಗ ಇಳಿಯೋ ಹೊತ್ತಿನ್ಯಾಗ. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಕೆಟ್ಟ ಮ್ಯಾಲ ಪೂರಾ ಮೊದಲಿನಂಗ ಆಗಾಕ ಅರ್ಧ ತಾಸ್ ಬೇಕಾಗಬಹುದು.

ಹಸಿರಿಂದು ಇನ್ನೂ ಕೆಟ್ಟ, ಯಾಕಂದ್ರ ನಮ್ಮ ಕಣ್ಣಿಗೆ ಹಸಿರು ಜಾಸ್ತಿ ತಾಕ್ತೇತಿ, ಅಷ್ಟ ಪವರಿನ ಕೆಂಪಗಿಂತ ಸುಮಾರು ಎಂಟು ಪಟ್ಟು ಪ್ರಖರ ಕಾಣ್ತೇತಿ. ಚೀಟಿ ಮ್ಯಾಲಿನ 5 ಮಿಲಿವ್ಯಾಟ್ ನಂಬಬ್ಯಾಡ್ರಿ. ಅಮೆರಿಕಾದ ಸರ್ಕಾರಿ ಲ್ಯಾಬ್ ಎನ್‌ಐಎಸ್‌ಟಿಯವರು 122 ಲೇಸರ್ ಪಾಯಿಂಟರ್ ಟೆಸ್ಟ್ ಮಾಡಿ 2013ರಾಗ ಹೇಳಿದ್ರು, ಹಸಿರುವ್ರಾಗ ಹತ್ತಕ್ಕ ಹತ್ರಹತ್ರ ಒಂಬತ್ತು, ಪವರ್ ಇಷ್ಟ ಇರಬೇಕು ಅನ್ನೋ ಅಲ್ಲಿನ ಸುರಕ್ಷತಾ ನಿಯಮ ಮೀರಿದ್ವು ಅಂತ. ಕೆಲವು ಅಗ್ಗದ ಹಸಿರು ಲೇಸರಿನ್ಯಾಗ ಕಣ್ಣಿಗೆ ಕಾಣಲಾರದ ಇನ್‌ಫ್ರಾರೆಡ್ ಬೆಳಕೂ ಹೊರಗ ಬರ್ತೇತಿ, ಅದಕ್ಕ ರೆಪ್ಪಿ ಮುಚ್ಚೂದೂ ಇಲ್ಲ.

ಒಬ್ರು ತಂದಿಯವರು ಫೋನ್ ಮಾಡಿ, ಅಕ್ಕೋರ, ಸಣ್ಣ ಹುಡುಗೂರ ಆಟಕ್ಕ ಇಷ್ಟ್ಯಾಕ ಅಂದ್ರು. ಅಣ್ಣಾವ್ರ, ಅಮೆರಿಕಾದಾಗ 2023 ಒಂದ ವರ್ಷ ಪೈಲಟ್‌ಗಳು 13,304 ಸಲ ಹಿಂಗ ಲೇಸರ್ ಬಿತ್ತು ಅಂತ ರಿಪೋರ್ಟ್ ಮಾಡ್ಯಾರ, ಅಲ್ಲಿ ಇದಕ್ಕ ಐದು ವರ್ಷದ ತನಕ ಜೈಲು ಐತಿ, ಬ್ರಿಟನ್ನಿನ್ಯಾಗ 2018ರಿಂದ ಇರೋ ಕಾನೂನಿನ್ಯಾಗೂ ಅಷ್ಟ. ನಮ್ಮ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಪ್ರಕಾರ ಮತ್ತೊಬ್ಬರ ಜೀವಕ್ಕ ಅಪಾಯ ಆಗೂವಂಗ ಬೇಪರ್ವಾ ನಡಕೊಂಡ್ರ, ಯಾರಿಗೂ ಪೆಟ್ಟಾಗಲಿಲ್ಲ ಅಂದ್ರೂ ಮೂರು ತಿಂಗಳ ತನಕ ಶಿಕ್ಷಾ ಐತಿ. ನಮ್ಮ ಮಕ್ಕಳನ್ನ ಅಲ್ಲಿ ತನಕ ನಾ ಹೋಗಗೊಡೂದಿಲ್ಲ, ನೀವೂ ಬಿಡೂದಿಲ್ಲ ಅಂತ ಗೊತ್ತೈತಿ.

ಪುಣೆದಾಗ 2024ರ ಗಣಪತಿ ಹಬ್ಬಕ್ಕ ಪೊಲೀಸ್ರು ಮೆರವಣಿಗಿ ಲೇಸರಿಗೆ ನಿಷೇಧ ಹಾಕಿದ್ದು ಕಣ್ಣಿನ ಸಲುವಾಗಿನ. ನಮ್ಮ ಬೆಳಗಾವಿ ಗಣಪತಿ ಅಂದ್ರ ಏನು ಗದ್ದಲ ಅಂತ ನಿಮಗ ಹೇಳೂದು ಬ್ಯಾಡ, ಡಿಜೆ ಮುಂದ ಮಕ್ಕಳನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಲೇಸರಿನ ಎದುರು ನಿಲ್ಲಬ್ಯಾಡ್ರಿ.

ಇನ್ನೊಂದು ಮಾತು ತಾಯಂದಿರಿಗೆ. ಹುಡುಗೂರು ಇದನ್ನ ಒಬ್ಬರ ಮುಖಕ್ಕ ಒಬ್ಬರು ಹಚ್ಚಿ, ಯಾರು ಜಾಸ್ತಿ ಹೊತ್ತು ಕಣ್ಣು ಮುಚ್ಚಲಾರದ ನೋಡ್ತಾರ ಅಂತ ಪಂಥಾ ಕಟ್ಟ್ಯಾರಂತ, ಅದನ್ನ ಕೇಳಿ ನನಗ ಕೈಕಾಲು ತಣ್ಣಗಾದ್ವು. ಕಣ್ಣಿನ ಹಿಂದಿನ ಪರದಿಗೆ ನೋವು ಗೊತ್ತಾಗೂದಿಲ್ಲ, ಸುಟ್ಟರೂ ಮಗು ಅಳೂದಿಲ್ಲ. ಗಣಿತದ ಚೌಕುಳಿ ನೋಟ್‌ಬುಕ್ ಮುಂದ ಹಿಡೀರಿ, ಒಂದು ಕಣ್ಣು ಕೈಯಿಂದ ಮುಚ್ಚಿಸಿ ನಡುವಿನ ಒಂದ ಚೌಕ ನೋಡಾಕ ಹೇಳ್ರಿ, ಆಮ್ಯಾಲ ಇನ್ನೊಂದು ಕಣ್ಣು. ಗೆರಿ ಡೊಂಕ ಕಾಣ್ತಾವು, ನಡುವ ಮಸಕ ಐತಿ, ಒಂದು ತುಕಡಿ ಇಲ್ಲದಂಗ ಕಾಣ್ತೇತಿ ಅಂತ ಮಗು ಹೇಳಿದ್ರ ಮರದಿನ ಅಂತ ಕಾಯಬ್ಯಾಡ್ರಿ, ಕಣ್ಣಿನ ಡಾಕ್ಟರ ಕಡೆ ಕರ್ಕೊಂಡು ಹೋಗ್ರಿ. ಎಲ್ಲಾ ಸರಿ ಕಂಡ್ರೂ, ದಿಟ್ಟಿಸಿ ನೋಡಿದ್ದು ಖರೇ ಇದ್ರ ಒಮ್ಮೆ ತೋರಿಸೂದ ಚಲೋ.

ಮನ್ಯಾಗ ಇಂಥಾ ಬ್ಯಾಟ್ರಿ ಇದ್ರ ಸೆಲ್ ತಗದು ನನಗ ತಂದು ಕೊಡ್ರಿ. ಆಫೀಸಿನ ಟೇಬಲ್ ಮ್ಯಾಲ ಒಂದು ಡಬ್ಬಿ ಇಟ್ಟೇನಿ, ಯಾರ ಹೆಸರೂ ಬರಕೊಳ್ಳೂದಿಲ್ಲ, ಯಾವ ಮಗೂಗೂ ಶಿಕ್ಷಾ ಇಲ್ಲ. ಮೊದಲಿಂದು ಆ ಏಳನೇ ಕ್ಲಾಸಿನಂವಂದ, ತನ್ನ ಕೈಲೆ ಹಾಕ್ಯಾನ. ಶನಿವಾರ ಶಾಲಿ ಬಿಟ್ಟ ಮ್ಯಾಲ ಒಂದ ಅರ್ಧ ತಾಸ್ ಬರ್ರಿ, ಆ ಗೀರು ಬಿದ್ದ ಪಟ್ಟಿ ನಿಮಗೂ ತೋರಸ್ತೇನಿ.

ನಿಮ್ಮ,
ಹೆಡ್‌ಮಿಸ್ಟ್ರೆಸ್