ರೋಮನ್ನರಲ್ಲಿ ಸೆರೆವಾಸ ಶಿಕ್ಷೆಯಾಗಿರಲಿಲ್ಲ

ಮಾನ್ಯ ಸಂಪಾದಕರೇ,

ಪ್ರಾಚೀನ ರೋಮ್‌ನಲ್ಲಿ ಕಳ್ಳರನ್ನು ವರ್ಷಗಟ್ಟಲೆ ಸೆರೆಯಲ್ಲಿ ಕೊಳೆಸುತ್ತಿದ್ದರು ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಸೆರೆಮನೆ ಇದ್ದದ್ದು ವಿಚಾರಣೆ ಅಥವಾ ಮರಣದಂಡನೆಯವರೆಗೆ ಆರೋಪಿಯನ್ನು ಹಿಡಿದಿಡಲು.

ಕಳ್ಳತನಕ್ಕೆ ದಾವೆ ಹೂಡಬೇಕಾದವನು ಮಾಲು ಕಳೆದುಕೊಂಡವನೇ. ಕ್ರಿ.ಪೂ. 450ರ ಸುಮಾರಿನ ‘ಹನ್ನೆರಡು ಫಲಕ’ಗಳ ಕಾನೂನಿನಂತೆ, ಕದಿಯುವಾಗಲೇ ಸಿಕ್ಕಿಬಿದ್ದ ಸ್ವತಂತ್ರ ಪ್ರಜೆಗೆ ಛಡಿಯೇಟು ಕೊಟ್ಟು ಮಾಲೀಕನ ವಶಕ್ಕೆ ಒಪ್ಪಿಸುತ್ತಿದ್ದರು. ಗುಲಾಮನಾದರೆ ಟಾರ್ಪಿಯನ್ ಬಂಡೆಯಿಂದ ಕೆಳಕ್ಕೆ ತಳ್ಳುತ್ತಿದ್ದರು. ಒಂದೇ ತಪ್ಪಿಗೆ ಎಂಥ ಕ್ರೂರ ತಾರತಮ್ಯ! ಮುಂದೆ ಪ್ರೇಟರ್ ಎಂಬ ನ್ಯಾಯಾಧಿಕಾರಿಗಳು ಇದನ್ನು ಮಾಲಿನ ಬೆಲೆಯ ನಾಲ್ಕು ಪಟ್ಟು ದಂಡವಾಗಿ ಬದಲಿಸಿದರು. ಆಮೇಲೆ ಪತ್ತೆಯಾದ ಕಳ್ಳನಿಗೆ ಎರಡು ಪಟ್ಟು. ರಾತ್ರಿ ನುಗ್ಗಿದ ಕಳ್ಳನನ್ನು ಕೊಂದರೆ ಅಪರಾಧವಲ್ಲ; ಹಗಲಲ್ಲಾದರೆ ಅವನು ಆಯುಧ ಎತ್ತಿರಬೇಕು.

ಕಾನೂನು ಸೋತದ್ದು ಹಲ್ಲೆಯ ದಂಡದಲ್ಲಿ. ಸ್ವತಂತ್ರನ ಮೂಳೆ ಮುರಿದರೆ 300 ಆಸ್, ಗುಲಾಮನದಾದರೆ 150, ಸಣ್ಣಪುಟ್ಟ ಹಲ್ಲೆಗೆ 25. ಆಸ್ ಎಂದರೆ ಮೊದಲಲ್ಲಿ ಒಂದು ರೋಮನ್ ಪೌಂಡ್, ಅಂದರೆ ಸುಮಾರು 325 ಗ್ರಾಂ ತಾಮ್ರ. 25 ಆಸ್ ಎಂದರೆ ಎಂಟು ಕಿಲೋ ದಾಟಿತು! ಕ್ರಿ.ಪೂ. 1ನೇ ಶತಮಾನದ ಹೊತ್ತಿಗೆ ನಾಣ್ಯದ ತೂಕ ಅರ್ಧ ಔನ್ಸಿಗೆ, ಅಂದರೆ 24ನೇ ಒಂದು ಭಾಗಕ್ಕೆ ಇಳಿದಿತ್ತು. ಫಲಕದ ಮೇಲಿನ ಅಂಕಿ ಮಾತ್ರ ಹಾಗೇ ಉಳಿಯಿತು. ಲೂಸಿಯಸ್ ವೆರೇಷಿಯಸ್ ಎಂಬ ಸಿರಿವಂತ ದಾರಿಹೋಕರ ಕೆನ್ನೆಗೆ ಬಾರಿಸುತ್ತಾ ಹೋಗುತ್ತಿದ್ದನಂತೆ; ಹಿಂದೆ ಬರುವ ಗುಲಾಮ ಹಣದ ಚೀಲದಿಂದ ತಲಾ 25 ಆಸ್ ಎಣಿಸಿ ಕೊಡುತ್ತಿದ್ದ. ಹೀಗಾಗಿಯೇ ಪ್ರೇಟರ್‌ಗಳು ನಿಗದಿತ ದಂಡವನ್ನು ಕೈಬಿಟ್ಟು, ಪ್ರತಿ ಪ್ರಕರಣದಲ್ಲೂ ಪರಿಹಾರದ ಮೊತ್ತವನ್ನು ಅಳೆದು ನಿರ್ಧರಿಸಲು ನಿರ್ಣಾಯಕರನ್ನು ನೇಮಿಸತೊಡಗಿದರು.

– ಇತಿಹಾಸ ಉಪನ್ಯಾಸಕ, ಧಾರವಾಡ